ಹಗ್ಗ ಬಾರದಿದ್ದಾಗ ಜಗ್ಗಬೇಡಿ

ಹೊಲ ಇರುವ ನಮ್ಮ ಕುಟುಂಬಗಳಲ್ಲಿ ಹಗ್ಗ ಜಗ್ಗಿ ಶುರು ಮಾಡುವ ಯಂತ್ರ ಒಂದಾದರೂ ಇರುತ್ತದೆ. ಕುಂಟೆಯಿಂದ ನೀರೆತ್ತುವ ಸೀಮೆಎಣ್ಣೆ ಪಂಪು, ಬೆನ್ನಿಗೆ ಹಾಕಿಕೊಂಡು ಬೆಳೆಗೆ ಎಣ್ಣೆ ಹೊಡೆಯುವ ಪವರ್ ಸ್ಪ್ರೇಯರ್, ದೇವಾಲಯದ ಹಬ್ಬದ ದಿನ ಕರೆಂಟು ಹೋದರೆ ದೀಪ ಉರಿಸುವ ಸಣ್ಣ ಜನರೇಟರ್, ಬದುವಿನ ಹುಲ್ಲು ಕತ್ತರಿಸುವ ಯಂತ್ರ. ಇವೆಲ್ಲಕ್ಕೂ ಪಕ್ಕದಲ್ಲಿ ಒಂದು ಹಿಡಿ, ಹಿಡಿಗೊಂದು ಹಗ್ಗ. ನೂರಾರು ಸಲ ಬಂದ ಹಗ್ಗ ಒಂದು ದಿನ ಗೇಣುದ್ದ ಬಂದು ನಿಂತುಬಿಡುತ್ತದೆ. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು.

ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಏನು ಗೊತ್ತೇ? ಇನ್ನೂ ಜೋರಾಗಿ ಜಗ್ಗುವುದು. ಒಬ್ಬರಿಂದ ಆಗದಿದ್ದರೆ ಇನ್ನೊಬ್ಬ ಗಟ್ಟಿಗನನ್ನು ಕರೆಯುವುದು. ಅವನಿಂದಲೂ ಆಗದಿದ್ದರೆ ಯಂತ್ರವನ್ನೂ ಅದನ್ನು ಕೊನೆಯ ಸಲ ಬಳಸಿದವರನ್ನೂ ಬೈಯುವುದು. ರಾಯಚೂರಿನಲ್ಲಿ ಬಹಳ ವರ್ಷ ಇಂತಹ ಸಣ್ಣ ಇಂಜಿನ್‌ಗಳ ರಿಪೇರಿ ಮಾಡಿದ ನನಗೆ ಇದು ಪ್ರತಿ ಹಂಗಾಮಿನ ನೋಟ. ಹಗ್ಗ ಸಿಕ್ಕಿಕೊಂಡದ್ದರಿಂದ ಕೆಟ್ಟ ಯಂತ್ರಗಳಿಗಿಂತ ಸಿಕ್ಕಿಕೊಂಡ ಮೇಲೆ ಜಗ್ಗಿದ್ದರಿಂದ ಕೆಟ್ಟ ಯಂತ್ರಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಆದ್ದರಿಂದ ಇದರ ಒಳಗುಟ್ಟನ್ನು ಸರಳವಾಗಿ ಹೇಳಿ, ನಮ್ಮ ಅಕ್ಕನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನೂ ಓದುಗರ ಮುಂದಿಡುತ್ತೇನೆ.

ಹಗ್ಗದ ಹಿಂದೆ ಏನಿದೆ?

ಹಿಡಿಯ ಹಿಂದಿನ ಮುಚ್ಚಳದೊಳಗೆ ಒಂದು ರಾಟೆ ಇರುತ್ತದೆ. ಮೆಕ್ಯಾನಿಕ್‌ಗಳು ಪುಲ್ಲಿ ಎನ್ನುತ್ತಾರೆ. ಹಗ್ಗ ಅದಕ್ಕೆ ಸುತ್ತಿಕೊಂಡಿರುತ್ತದೆ. ಪುಲ್ಲಿಯ ಕೆಳಗೆ ಗಡಿಯಾರದಲ್ಲಿರುವಂತಹ ಚಪ್ಪಟೆ ಸುರುಳಿ ಸ್ಪ್ರಿಂಗ್. ಹಗ್ಗ ಜಗ್ಗಿದಾಗ ಪುಲ್ಲಿ ತಿರುಗಿ, ಅದರ ಸಣ್ಣ ಕೊಕ್ಕೆಗಳು ಹೊರಚಾಚಿ ಫ್ಲೈವೀಲ್‌ಗೆ ಕೂಡಿಸಿದ ಬಟ್ಟಲನ್ನು ಹಿಡಿಯುತ್ತವೆ. ಇಂಜಿನ್ ತಿರುಗುತ್ತದೆ. ಅದು ಹೊತ್ತಿಕೊಂಡ ಕೂಡಲೇ ಕೊಕ್ಕೆಗಳು ಬಿಟ್ಟುಕೊಳ್ಳುತ್ತವೆ, ಸ್ಪ್ರಿಂಗ್ ಹಗ್ಗವನ್ನು ಒಳಗೆ ಎಳೆದುಕೊಳ್ಳುತ್ತದೆ. ಇಷ್ಟೇ ಇದರ ವಿದ್ಯೆ.

ಈ ಅನುಕೂಲ ಮೊದಲಿನಿಂದ ಇದ್ದದ್ದಲ್ಲ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರ್‌ಗಳ ಕತೆ ನೋಡಿ. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ ಎಂಬುವರು 1909ರಲ್ಲಿ ತಮ್ಮ ದೋಣಿ ಮೋಟರನ್ನು ಮಾರಾಟಕ್ಕೆ ತಂದರು. ಆ ಕಾಲದ ಮೋಟರ್‌ನಲ್ಲಿ ಫ್ಲೈವೀಲ್ ಮೇಲಿನ ಗುಬುಟನ್ನೇ ಕೈಯಲ್ಲಿ ಹಿಡಿದು ತಿರುಗಿಸಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಬೆರಳಿಗೆ ಪೆಟ್ಟು. ಆಮೇಲೆ ಗಂಟು ಹಾಕಿದ ಹಗ್ಗವನ್ನು ಸುತ್ತಿ ಜಗ್ಗುವ ಪದ್ಧತಿ ಬಂತು. ಜಗ್ಗಿದ ಹಗ್ಗ ಕೈಯಲ್ಲೇ ಉಳಿಯುತ್ತಿತ್ತು, ಪ್ರತಿ ಸಲ ಹೊಸದಾಗಿ ಸುತ್ತಬೇಕು. ಹಗ್ಗ ತಾನೇ ಒಳಗೆ ಹೋಗುವ ಸ್ಟಾರ್ಟರ್ ಬಂದದ್ದು ಇವೆಲ್ಲ ಆದ ಮೇಲೆ. ಎವಿನ್‌ರೂಡ್ ಹೆಸರಿನ ಮೋಟರ್‌ಗಳ ತಯಾರಿಕೆ 2020ರಲ್ಲಿ ನಿಂತಿತು. ಆದರೂ ಹಳೆಯವು ಲೋಕದ ಕೆರೆ-ಹೊಳೆಗಳಲ್ಲಿ ಇನ್ನೂ ಓಡುತ್ತಿವೆ.

ನಮ್ಮ ಕರಾವಳಿಯ ನಾಡದೋಣಿಗಳಿಗೆ ಇರುವುದೂ ಇಂತಹ ಮೋಟರೇ. ಕೃಷ್ಣೆಗೆ ನೆರೆ ಬಂದಾಗ ರಾಯಚೂರು ಕಡೆಯವರೂ ಇವನ್ನು ನೋಡಿದ್ದೇವೆ. 2019ರ ಆಗಸ್ಟ್‌ನಲ್ಲಿ ಎನ್‌ಡಿಆರ್‌ಎಫ್ ಸಿಬ್ಬಂದಿ ರಬ್ಬರ್ ದೋಣಿಗಳನ್ನು ತಂದಿದ್ದರು. ಹರಿಗೋಲು ಇಳಿಸಲಾಗದ ಸೆಳೆತದಲ್ಲಿ ಹಗ್ಗ ಜಗ್ಗಿ ಮೋಟರ್ ಹೊತ್ತಿಸಿ ಹೋಗುವಾಗ, ಆ ಹಗ್ಗ ಸಿಕ್ಕಿಕೊಂಡರೆ ಏನಾದೀತು ಎಂದು ಯೋಚಿಸಿ. ನಡುನೀರಿನಲ್ಲಿ ಅದು ಪ್ರಾಣದ ಪ್ರಶ್ನೆ. ನಮ್ಮ ಹೊಲದಲ್ಲಿ ಬೆಳೆಯ ಪ್ರಶ್ನೆ.

ಕೆ.ಟಿ. ದೊಡ್ಡಿಯ ಕಡೆ

ನಮ್ಮ ಅಕ್ಕನನ್ನು ಕೊಟ್ಟ ಊರು ಕೆ.ಟಿ. ದೊಡ್ಡಿಯ ಹತ್ತಿರ. ಕಳೂರು ತಿಮ್ಮನದೊಡ್ಡಿ ಎಂಬುದು ಪೂರ್ತಿ ಹೆಸರು. ದೊಡ್ಡಿ ಎಂದರೆ ದನ ಕಟ್ಟುವ ಜಾಗ, ನಮ್ಮದೇ ಮಾತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಮೇಲೆ ಅವು ಆಂಧ್ರಕ್ಕೆ ಸೇರಿದವು, 2014ರಿಂದ ತೆಲಂಗಾಣ. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಗಡಿ ಬದಲಾದರೂ ಹೆಣ್ಣು ಕೊಟ್ಟು ತರುವುದು ಬದಲಾಗಲಿಲ್ಲ. ಅಕ್ಕನ ಮನೆಯಲ್ಲಿ ಮಕ್ಕಳು ಶಾಲೆಯಲ್ಲಿ ಕಲಿತದ್ದು ತೆಲುಗು, ಮನೆಯಲ್ಲಿ ಆಡುವುದು ಕನ್ನಡ, ಜಪಸರ ಕನ್ನಡದಲ್ಲೇ. ದೊಡ್ಡ ಹಬ್ಬಗಳ ಬಲಿಪೂಜೆಗೆ ರಾಯಚೂರಿಗೆ ಬರುತ್ತಾರೆ.

ಆ ಕಡೆ ಬೀಜದ ಹತ್ತಿ ಹೆಸರುವಾಸಿ. ಮಾಮೂಲಿ ಹತ್ತಿಯಂತಲ್ಲ ಅದು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವಿನ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈ ಹಚ್ಚುವ ಕೆಲಸ. ಬೀಜ ಕೊಟ್ಟು ಮುಂಗಡ ಕೊಡುವ ಆರ್ಗನೈಸರ್‌ಗೆ ಕೊನೆಗೆ ಲೆಕ್ಕ ಒಪ್ಪಿಸಬೇಕು. ಹೂ-ಕಾಯಿ ಹಿಡಿಯುವ ಆ ದಿನಗಳಲ್ಲಿ ಗಿಡ ಬಾಡಿದರೆ ಕಾಯಿ ಉದುರುತ್ತದೆ. ಉಳಿಯುವುದು ಸಾಲ.

ಭಾವ ಬದುಕಿದ್ದಾಗ ಒಂದು ಸೀಮೆಎಣ್ಣೆ ಪಂಪು ಕೊಂಡಿದ್ದರು. ಪೆಟ್ರೋಲ್‌ನಲ್ಲಿ ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಕಾಲ. ರಾತ್ರಿ ಎರಡಕ್ಕೆ ಎದ್ದು ಹೋಗಿ ಬೋರ್‌ವೆಲ್ ಗುಂಡಿ ಒತ್ತುವ ಬದಲು ಹಗಲಲ್ಲಿ ಕುಂಟೆಯ ನೀರು ಹರಿಸಲು ಆ ಪಂಪೇ ಆಧಾರ. 2018ರ ಜನವರಿ 1ರಿಂದ ತೆಲಂಗಾಣದಲ್ಲಿ ರೈತರಿಗೆ 24 ತಾಸು ಉಚಿತ ವಿದ್ಯುತ್ ಬಂದ ಮೇಲೆ ಪಂಪು ದನದ ಕೊಟ್ಟಿಗೆ ಸೇರಿತು. ಭಾವ ತೀರಿಕೊಂಡ ಮೇಲಂತೂ ಅದರ ಮೇಲೆ ಮೇವಿನ ಸಿವುಡು ಬಿದ್ದಿದ್ದವು.

ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ತಂದೆ ಹೋದ ಎರಡು ವರ್ಷದಲ್ಲಿ ಒಲೆ ಎರಡಾದವು. ಅದು ಎಲ್ಲ ಮನೆಗಳಲ್ಲೂ ಆಗುವುದೇ. ಆದರೆ ಮಾತೂ ನಿಂತದ್ದು ಅಕ್ಕನಿಗೆ ನುಂಗಲಾರದ ತುತ್ತಾಗಿತ್ತು. ಸಂಜೆ ತಿರುಹೃದಯದ ಪಟದ ಮುಂದೆ ಜಪಸರಕ್ಕೆ ಒಬ್ಬ ಬಂದರೆ ಇನ್ನೊಬ್ಬ ಅಂಗಳದಲ್ಲೇ ನಿಲ್ಲುತ್ತಿದ್ದ.

ಹೀಗಿರುವಾಗ ಮೂರು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ಇದ್ದ ಒಂದು ಮಳೆಯಲ್ಲಿ ಸಿಡಿಲು ಬಡಿದು ಹೊಲದ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಬದಲಿ ಬರಲು ನಾಲ್ಕೈದು ದಿನ ಎಂದರು. ಬೋರ್‌ವೆಲ್ ನಿಂತಿತು, ಕುಂಟೆಯಲ್ಲಿ ಮಾತ್ರ ನೀರಿತ್ತು. ಇಬ್ಬರ ಹತ್ತಿಯೂ ಅಕ್ಕಪಕ್ಕದಲ್ಲೇ. ಆಗ ಎಲ್ಲರಿಗೂ ಕೊಟ್ಟಿಗೆಯ ಪಂಪು ನೆನಪಾಯಿತು. ಹೊರಗೆ ತಂದು ಹಗ್ಗ ಜಗ್ಗಿದರೆ ಗೇಣುದ್ದ ಬಂದು ನಿಂತಿತು.

ಅಕ್ಕ ಫೋನು ಮಾಡಿ, “ತಮ್ಮಾ, ಇಂಜಿನ್ ಏಳವಲ್ದು. ಇವ್ರಿಬ್ರೂ ಹೊಡೆದಾಡೋ ಹಂಗ ಆಗ್ಯಾರ. ನೀ ಬಾರಪ್ಪ” ಎಂದಳು. ನಾನು ಸ್ಪ್ಯಾನರ್ ಚೀಲ ಹಿಡಿದು ಹೊರಟೆ.

ಮೊದಲು ಯಾವುದು ಸಿಕ್ಕಿದೆ ನೋಡಿ

ನಾನು ಮುಟ್ಟುವ ಹೊತ್ತಿಗೆ ದೊಡ್ಡ ಅಳಿಯ ಪಂಪಿನ ಮೇಲೆ ಕಾಲಿಟ್ಟು ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಅವನ ಮಣಿಕಟ್ಟು ಊದಿತ್ತು. ಪಕ್ಕದ ಹೊಲದವರೊಬ್ಬರು ಮುಚ್ಚಳದ ಸಂದಿಯಲ್ಲಿ ಸಲಾಕೆ ಹಾಕಿ ತಿರುಗಿಸೋಣ ಎನ್ನುತ್ತಿದ್ದರು. ಸಣ್ಣ ಅಳಿಯ ದೂರದಲ್ಲಿ ಬೇವಿನ ಕೆಳಗೆ ಕುಳಿತಿದ್ದ.

“ಮಾವ, ಇವ ಯಾರಿಗೋ ಒಂದು ವಾರ ಕೊಟ್ಟಿದ್ದ. ಅವ್ರು ಕೆಡಿಸಿ ತಂದಿಟ್ರು” ಎಂದ ದೊಡ್ಡವ.

“ಮಾವ, ಇಡೀ ಮಳೆಗಾಲ ಹೊರಗ ಬಿಟ್ಟಿದ್ದು ಯಾರು ಕೇಳ್ರಿ” ಎಂದ ಸಣ್ಣವ, ಅಲ್ಲಿಂದಲೇ.

“ಯಾರು ಕೆಡಿಸ್ಯಾರ ಅನ್ನೋದು ಆಮ್ಯಾಲ ನೋಡಣ. ಏನು ಕೆಟ್ಟೈತಿ ಮೊದ್ಲು ನೋಡಣ” ಎಂದೆ.

ಹಗ್ಗ ಬಾರದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಸಿಕ್ಕಿರುವುದು ಇಂಜಿನ್ನೋ, ಸ್ಟಾರ್ಟರೋ? ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಇದನ್ನು ತಿಳಿಯದೆ ಜಗ್ಗುವವನು ಕತ್ತಲಲ್ಲಿ ಕಲ್ಲು ಎಸೆದಂತೆ.

ಮೊದಲು ಎಣ್ಣೆಯ ಕಾಕ್ ಮುಚ್ಚಿದೆ. ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತು ದೂರ ಸರಿಸಿದೆ. ಇದನ್ನು ಎಂದೂ ಮರೆಯಬಾರದು, ಕೈ ಒಳಗಿರುವಾಗ ಇಂಜಿನ್ ಹೊತ್ತಿಕೊಂಡರೆ ಬೆರಳು ಹೋಗುತ್ತದೆ. ಆಮೇಲೆ ಪ್ಲಗ್ಗನ್ನೇ ಬಿಚ್ಚಿದೆ. ಸ್ಟಾರ್ಟರ್ ಮುಚ್ಚಳದ ಮೂರು ಬೋಲ್ಟುಗಳನ್ನು 10 ನಂಬರ್ ಸ್ಪ್ಯಾನರ್‌ನಿಂದ ಬಿಚ್ಚಿ, ಮುಚ್ಚಳವನ್ನು ಹಗ್ಗದ ಸಮೇತ ಪಕ್ಕಕ್ಕಿಟ್ಟೆ. ಫ್ಲೈವೀಲ್ ಕಾಣಿಸಿತು. ದೊಡ್ಡ ಅಳಿಯನನ್ನು ಕರೆದು, “ಕೈಲೆ ತಿರುಗಿಸು” ಎಂದೆ.

ಅವನು ಅನುಮಾನದಿಂದ ಕೈ ಇಟ್ಟ. ಚಕ್ರ ಸರಾಗವಾಗಿ ತಿರುಗಿತು.

ಅಲ್ಲಿಗೆ ಅರ್ಧ ಭಯ ಹೋಯಿತು. ಇಂಜಿನ್ ಗಟ್ಟಿಯಾಗಿದೆ, ತೊಂದರೆ ಇರುವುದು ಅಂಗೈ ಅಗಲದ ಮುಚ್ಚಳದೊಳಗೆ. ಒಂದು ವೇಳೆ ಚಕ್ರ ತಿರುಗದಿದ್ದರೆ ದಾರಿ ಬೇರೆ. ಬಹಳ ದಿನ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ರಿಂಗ್ ತುಕ್ಕು ಹಿಡಿದಿರಬಹುದು. ಪ್ಲಗ್ಗಿನ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಮರುದಿನ ಮೆಲ್ಲಗೆ ಆಚೀಚೆ ಅಲುಗಿಸಬೇಕು. ಅಥವಾ ಕಾರ್ಬ್ಯುರೇಟರ್ ಸೋರಿ ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿರಬಹುದು. ದ್ರವವನ್ನು ಒತ್ತಲು ಯಾವ ಬಲಕ್ಕೂ ಆಗದು. ಪ್ಲಗ್ ಬಿಚ್ಚಿದ ಕೂಡಲೇ ಚಕ್ರ ತಿರುಗಿ ಪೆಟ್ರೋಲ್ ಹೊರಚಿಮ್ಮಿದರೆ ಅದೇ ಕಾರಣ. ಆ ಹೊತ್ತಿನಲ್ಲಿ ಬೀಡಿ, ಬೆಂಕಿ ಹತ್ತಿರ ಇರಬಾರದು. ಕೆಳಗಿನ ಆಯಿಲ್‌ಗೂ ಪೆಟ್ರೋಲ್ ಬೆರೆತು ವಾಸನೆ ಬರುತ್ತಿದ್ದರೆ ಆಯಿಲ್ ಬದಲಿಸಬೇಕು. ದೋಣಿ ಮೋಟರ್‌ಗಳಲ್ಲಿ ಇನ್ನೊಂದು ವಿಷಯ ಉಂಟು. ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಹಗ್ಗ ಬರದಂತೆ ಹಲವು ಮೋಟರ್‌ಗಳಲ್ಲಿ ಬೀಗ ಇರುತ್ತದೆ. ಆ ಬೀಗದ ಕೇಬಲ್ ಸಡಿಲವಾದರೆ ನ್ಯೂಟ್ರಲ್‌ನಲ್ಲಿದ್ದರೂ ಹಗ್ಗ ಬಾರದು. ಅದೂ ದೋಷ ಎನಿಸಬಹುದಾದ, ಆದರೆ ಕಾಪಾಡಲೆಂದೇ ಇಟ್ಟ ಏರ್ಪಾಡು.

ಒಳಗೆ ಕಂಡದ್ದು

ಮುಚ್ಚಳವನ್ನು ಮಗುಚಿ ಹಾಕಿದೆ. ಹಗ್ಗದ ಒಂದು ಸುತ್ತು ಪುಲ್ಲಿಯ ಅಂಚು ದಾಟಿ, ಪುಲ್ಲಿಗೂ ಮುಚ್ಚಳಕ್ಕೂ ನಡುವಿನ ಸಂದಿಯಲ್ಲಿ ಬೆಣೆಯಂತೆ ಕೂತಿತ್ತು. ಜಗ್ಗಿದಷ್ಟೂ ಅದು ಬಿಗಿಯಾಗುತ್ತಾ ಹೋಗಿದೆ. ಪುಲ್ಲಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಎಳೆ ಎಳೆಯಾಗಿ ಬಿಡಿಸಬೇಕಾಯಿತು. ಅದಕ್ಕೇ ಮುಕ್ಕಾಲು ತಾಸು ಹಿಡಿಯಿತು. ಕತ್ತರಿಸಿ ಬಿಡ್ರಿ ಎಂದು ಯಾರೋ ಅಂದರು. ಸ್ಪ್ರಿಂಗ್ ಬಿಗಿದಿರುವಾಗ ಹಗ್ಗ ಕತ್ತರಿಸಿದರೆ ಪುಲ್ಲಿ ಗಿರ್ರನೆ ತಿರುಗಿ ಕೈ ಕೊಯ್ಯುತ್ತದೆ, ಸ್ಪ್ರಿಂಗ್‌ನ ಕೊಕ್ಕೆಯೂ ಮುರಿಯುತ್ತದೆ.

ಹಗ್ಗ ಬಿಡಿಸಿಕೊಂಡ ಮೇಲೆ ಅದನ್ನು ಪುಲ್ಲಿಯ ಕಚ್ಚಿನಲ್ಲಿ ಸಿಕ್ಕಿಸಿ, ಪುಲ್ಲಿಯನ್ನು ಒಂದೊಂದೇ ಸುತ್ತು ಹಿಂದಕ್ಕೆ ಬಿಟ್ಟು ಸ್ಪ್ರಿಂಗ್‌ನ ಬಿಗಿ ಇಳಿಸಿದೆ. ಆಮೇಲೆ ನಡುವಿನ ಸ್ಕ್ರೂ ತೆಗೆದೆ. ಪುಲ್ಲಿ ಎತ್ತುವಾಗ ಕಣ್ಣಿಗೆ ಕನ್ನಡಕ ಇರಬೇಕು, ಮೇಲೊಂದು ದಪ್ಪ ಬಟ್ಟೆ ಹಾಕಬೇಕು. ಅವಸರದಲ್ಲಿ ಎತ್ತಿದರೆ ಸ್ಪ್ರಿಂಗ್ ಹಾವಿನಂತೆ ಎಗರುತ್ತದೆ. ಅದರ ಅಂಚು ಬ್ಲೇಡಿನಷ್ಟೇ ಹರಿತ.

ಒಳಗೆ ಮೂರು ಸಂಗತಿ ಕಂಡವು. ಒಂದು, ಪುಲ್ಲಿ ಕೂರುವ ನಡುಗೂಟದ ಮೇಲೆ ಕೆಂಪು ತುಕ್ಕು. ಮಳೆನೀರು ಇಳಿದದ್ದು ನಿಜ. ಎರಡು, ಸ್ಪ್ರಿಂಗ್ ಸುತ್ತ ಹಳೆಯ ಗ್ರೀಸಿನೊಂದಿಗೆ ಕೆಂಪು ಮಣ್ಣಿನ ಧೂಳು ಬೆರೆತು ಹಪ್ಪಳದಂತೆ ಗಟ್ಟಿಯಾಗಿತ್ತು. ಯಾರದೋ ಹೊಲದಲ್ಲಿ ಧೂಳಿನ ನಡುವೆ ಓಡಿದ್ದೂ ನಿಜ. ಮೂರನೆಯದು ಹಗ್ಗ. ಇರಬೇಕಾದದ್ದು ಸುಮಾರು 4 ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಹಗ್ಗ. ಅಲ್ಲಿದ್ದದ್ದು 6 ಮಿಲಿಮೀಟರ್ ದಪ್ಪದ, ಹೊಸೆದ ಹಗ್ಗ. ಅಂಗಡಿಯಲ್ಲಿ ದನ ಕಟ್ಟಲು ಕೊಡುವಂಥದ್ದು. ದಪ್ಪ ಹಗ್ಗ ಪುಲ್ಲಿಯ ಗಾಡಿಯಲ್ಲಿ ಪೂರ್ತಿ ಕೂರುವುದಿಲ್ಲ, ಅಂಚಿನವರೆಗೆ ತುಂಬಿಕೊಳ್ಳುತ್ತದೆ. ಹೊಸೆದ ಹಗ್ಗವಾದರೆ ಜಗ್ಗಿದಾಗ ಎಳೆ ಬಿಚ್ಚಿಕೊಂಡು ಇನ್ನಷ್ಟು ಉಬ್ಬುತ್ತದೆ. ಒಂದಲ್ಲ ಒಂದು ದಿನ ಒಂದು ಸುತ್ತು ಅಂಚು ದಾಟಲೇಬೇಕು.

“ಈ ಹಗ್ಗ ಹಾಕಿದವ್ರು ಯಾರು?” ಎಂದು ಕೇಳಿದೆ. ಇಬ್ಬರೂ ಪರಸ್ಪರ ನೋಡಿಕೊಂಡರು. ಬಹಳ ದಿನದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಇರಬೇಕು. ನಾನಲ್ಲ ಎಂದ ಒಬ್ಬ, ನಾನೂ ಅಲ್ಲ ಎಂದ ಇನ್ನೊಬ್ಬ. ಪಂಪು ಒಯ್ದವರೇ ಹಾಕಿರಬೇಕು ಎಂದು ಇಬ್ಬರೂ ಒಪ್ಪಿದರು.

ಅಷ್ಟರಲ್ಲಿ ಚಹಾ ತಂದ ಅಕ್ಕ ನನ್ನ ಕೈಯಲ್ಲಿದ್ದ ಹಗ್ಗದ ಒಳತುದಿ ನೋಡಿದಳು. ಗಂಟಿನ ಮೇಲೆ ಎಳೆ ಬಿಚ್ಚದಂತೆ ತೆಳು ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು, ಸುಟ್ಟ ಮೋಟರ್‌ನಿಂದ ಬಿಚ್ಚಿದ ತಂತಿ. ಅಕ್ಕ ಮಾತಾಡದೆ ಕೊಟ್ಟಿಗೆಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಹಳೆಯ ಮೂಗುದಾರ, ಬಾವಿಯ ಕೊಡದ ಹಗ್ಗ ತಂದು ಮುಂದೆ ಇಟ್ಟಳು. ಅವುಗಳ ತುದಿಯಲ್ಲೂ ಅದೇ ತಾಮ್ರದ ತಂತಿ, ಅದೇ ಒತ್ತು ಸುತ್ತು.

“ಇದು ನಿಮ್ಮಪ್ಪನ ಕೈ” ಎಂದಳು.

ಯಾರೂ ಮಾತಾಡಲಿಲ್ಲ. ನಡೆದದ್ದೇನು ಎಂಬುದು ಊಹಿಸಲು ಕಷ್ಟವಿರಲಿಲ್ಲ. ಯಾವುದೋ ಬಿಸಿಲಿನ ಹಂಗಾಮಿನಲ್ಲಿ ಹಗ್ಗ ಹರಿದಿದೆ. ಸರಿಯಾದ ಹಗ್ಗಕ್ಕಾಗಿ ಪೇಟೆಗೆ ಹೋಗಿ ಬರುವಷ್ಟು ಹೊತ್ತು ಇಲ್ಲ. ಕೈಗೆ ಸಿಕ್ಕ ಹಗ್ಗವನ್ನು, ದಪ್ಪ ಎಂದು ಗೊತ್ತಿದ್ದೇ, ಪುಲ್ಲಿಯಲ್ಲಿ ಹಿಡಿಯುವಷ್ಟು ಮೋಟು ಮಾಡಿ ಹಾಕಿದ್ದಾರೆ. ಬೆಳೆ ಉಳಿದಿದೆ. ಆಮೇಲೆ ಕರೆಂಟು ಬಂತು, ಕಾಯಿಲೆ ಬಂತು, ಹಗ್ಗ ಹಾಗೇ ಉಳಿಯಿತು.

ಮೆಕ್ಯಾನಿಕ್ ಆಗಿ ಹೇಳುವುದಾದರೆ ಆ ಮೂರರಲ್ಲಿ ಯಾವುದೊಂದೇ ಇದ್ದಿದ್ದರೂ ಪಂಪು ಇನ್ನೂ ಕೆಲವು ದಿನ ನಡೆಯುತ್ತಿತ್ತು. ತುಕ್ಕು ಇಲ್ಲದಿದ್ದರೆ ಪುಲ್ಲಿ ಓಲಾಡುತ್ತಿರಲಿಲ್ಲ. ಧೂಳು ಇಲ್ಲದಿದ್ದರೆ ಸ್ಪ್ರಿಂಗ್ ಹಗ್ಗವನ್ನು ಬಿಗಿಯಾಗಿ ಒಳಗೆ ಎಳೆದುಕೊಳ್ಳುತ್ತಿತ್ತು, ಸುತ್ತು ಸಡಿಲವಾಗುತ್ತಿರಲಿಲ್ಲ. ಹಗ್ಗ ಸರಿ ಇದ್ದಿದ್ದರೆ ಸಡಿಲವಾದರೂ ಅಂಚು ದಾಟುತ್ತಿರಲಿಲ್ಲ. ಇದನ್ನೇ ಇಬ್ಬರಿಗೂ ಹೇಳಿದೆ. “ನಿಂದೂ ಐತಿ, ನಿಂದೂ ಐತಿ, ನಮ್ಮ ಭಾವನದೂ ಐತಿ. ಕೆಡಿಸಬೇಕಂತ ಯಾರೂ ಮಾಡಿಲ್ಲ” ಎಂದೆ.

ದೊಡ್ಡವನು ಊದಿದ ಮಣಿಕಟ್ಟನ್ನು ನೋಡುತ್ತಾ ಕುಳಿತ. ಸಣ್ಣವನು ಎದ್ದು ಬಂದು, “ಮಾವ, ಎಂಥ ಹಗ್ಗ ತರಬೇಕು?” ಎಂದ. ದೊಡ್ಡವನು ಜೇಬಿನಿಂದ ಬೈಕಿನ ಕೀಲಿ ತೆಗೆದು ಅವನ ಮುಂದೆ ಇಟ್ಟ. ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟ. ಅದೂ ಸಾಕಾಗಿತ್ತು.

ಮತ್ತೆ ಜೋಡಿಸುವುದು

ಹಗ್ಗ ರಾಯಚೂರಿನ ತೀನ್ ಕಂದೀಲ್ ಕಡೆಯಿಂದ ಬರುವಷ್ಟರಲ್ಲಿ ದೊಡ್ಡವನೂ ನಾನೂ ಉಳಿದ ಕೆಲಸ ಮುಗಿಸಿದೆವು. ಸ್ಪ್ರಿಂಗ್ ಮತ್ತು ಪುಲ್ಲಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದೆವು. ನಡುಗೂಟದ ತುಕ್ಕನ್ನು ನುಣುಪು ಉಪ್ಪುಕಾಗದದಿಂದ ತಿಕ್ಕಿದೆವು. ಸ್ಪ್ರಿಂಗ್‌ಗೆ ತೆಳ್ಳಗೆ ಗ್ರೀಸ್ ಸವರಿದೆವು. ದಪ್ಪಗೆ ಮೆತ್ತಿದರೆ ಮತ್ತೆ ಧೂಳು ಹಿಡಿಯುತ್ತದೆ. ಕೊಕ್ಕೆಗಳಿಗೆ ಗ್ರೀಸ್ ಹಚ್ಚಲಿಲ್ಲ, ಅವು ಅಂಟಿಕೊಂಡರೆ ಹಗ್ಗ ಬಂದರೂ ಇಂಜಿನ್ ತಿರುಗದು.

ಹೊಸ ಹಗ್ಗದ ಎರಡೂ ತುದಿಯನ್ನು ಮೇಣದಬತ್ತಿಯ ಉರಿಯಲ್ಲಿ ಕರಗಿಸಿ ಗಟ್ಟಿ ಮಾಡಿ ಗಂಟು ಹಾಕಿದೆವು. ಪೂರ್ತಿ ಸುತ್ತಿದಾಗ ಹಗ್ಗ ಪುಲ್ಲಿಯ ಅಂಚಿಗಿಂತ ಕೆಳಗೇ ಇರಬೇಕು, ಅದೇ ಅಳತೆ. ಆಮೇಲೆ ಹಗ್ಗವನ್ನು ಕಚ್ಚಿನಲ್ಲಿ ಸಿಕ್ಕಿಸಿ, ಜಗ್ಗಿದಾಗ ತಿರುಗುವ ದಿಕ್ಕಿಗೇ ಪುಲ್ಲಿಯನ್ನು ಮೂರು ಸುತ್ತು ತಿರುಗಿಸಿ ಸ್ಪ್ರಿಂಗ್‌ಗೆ ಬಿಗಿ ಕೊಟ್ಟೆವು. ಬಿಗಿ ಕಡಿಮೆಯಾದರೆ ಹಿಡಿ ಜೋತು ಬೀಳುತ್ತದೆ. ಹೆಚ್ಚಾದರೆ ಹಗ್ಗ ಮುಗಿಯುವ ಮೊದಲೇ ಸ್ಪ್ರಿಂಗ್ ಮುಗಿದು ಗಕ್ಕನೆ ನಿಲ್ಲುತ್ತದೆ, ಒಂದು ದಿನ ಮುರಿಯುತ್ತದೆ. ಪರೀಕ್ಷೆ ಸುಲಭ. ಹಗ್ಗವನ್ನು ಪೂರ್ತಿ ಹೊರಗೆಳೆದು ಹಿಡಿದಾಗಲೂ ಪುಲ್ಲಿ ಕೈಯಲ್ಲಿ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು.

ಕೊನೆಯ ಸೂಕ್ಷ್ಮವೊಂದಿದೆ. ಮುಚ್ಚಳ ಕೂಡಿಸುವಾಗ ಮೂರು ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಹಾಕಬೇಕು. ಹಗ್ಗವನ್ನು ಮೆಲ್ಲಗೆ ಜಗ್ಗಿ ಕೊಕ್ಕೆಗಳು ಬಟ್ಟಲನ್ನು ಹಿಡಿಯುವಂತೆ ಮಾಡಿ, ಆ ಬಿಗಿಯಲ್ಲೇ ಬೋಲ್ಟುಗಳನ್ನು ಗಟ್ಟಿ ಮಾಡಬೇಕು. ಆಗ ಮುಚ್ಚಳ ತಾನಾಗಿ ನಡುವಿಗೆ ಬಂದು ಕೂರುತ್ತದೆ. ಇದಕ್ಕೆ ಇಬ್ಬರು ಬೇಕು. ಒಬ್ಬ ಹಗ್ಗ ಹಿಡಿಯಬೇಕು, ಇನ್ನೊಬ್ಬ ಬೋಲ್ಟು ತಿರುಗಿಸಬೇಕು. ನಾನು ಹಿಂದೆ ಸರಿದೆ. ಅಣ್ಣ ಹಗ್ಗ ಹಿಡಿದ, ತಮ್ಮ ಸ್ಪ್ಯಾನರ್ ಹಿಡಿದ. “ಇನ್ನೊಂಚೂರು ಜಗ್ಗು”, “ಸಾಕು, ಹಂಗೇ ಹಿಡಿ.” ಎರಡು ವರ್ಷದ ಮೇಲೆ ಅವರಾಡಿದ ಮಾತು ಇಷ್ಟು.

ಹೊಸ ಆಯಿಲ್, ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ ಕೂಡಿಸಿ, ಪಂಪಿನ ಹೊಟ್ಟೆಗೆ ನೀರು ತುಂಬಿಸಿ ಹಗ್ಗ ಜಗ್ಗಿದಾಗ ನಾಲ್ಕನೇ ಸಲಕ್ಕೆ ಇಂಜಿನ್ ಎದ್ದಿತು. ಮೊದಲು ಬಿಳಿ ಹೊಗೆ, ಆಮೇಲೆ ಅದೇ ಹಳೆಯ ಸದ್ದು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಎಲ್ಲವೂ ಉಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೇಲಿನ ಕಡೆಯ ಕೆಲವು ಸಾಲುಗಳಲ್ಲಿ ಕಾಯಿ ಉದುರಿತು. ಉಳಿದದ್ದಕ್ಕೆ ನಾಲ್ಕು ದಿನ ಪಾಳಿಯಲ್ಲಿ ನೀರು ಹಾಯಿಸಿದರು. ಹಗಲು ಒಬ್ಬ, ಸಂಜೆ ಒಬ್ಬ. ಐದನೇ ದಿನ ಟ್ರಾನ್ಸ್‌ಫಾರ್ಮರ್ ಬಂತು. ಆ ಮನೆಯಲ್ಲಿ ಇಂದಿಗೂ ಒಲೆ ಎರಡೇ. ಆದರೆ ಜಪಸರಕ್ಕೆ ಎಲ್ಲರೂ ಒಳಗೆ ಬಂದು ಕೂರುತ್ತಾರೆ.

ಬಲೆ ಹೊಲಿಯುವವರ ನಡುವೆ

ಯೇಸುಸ್ವಾಮಿ ಯಕೋಬ ಮತ್ತು ಯೊವಾನ್ನರನ್ನು ಕರೆದ ಸಂದರ್ಭ ನಿಮಗೆಲ್ಲ ಗೊತ್ತು. ಆ ಅಣ್ಣತಮ್ಮಂದಿರು ತಂದೆ ಜೆಬೆದಾಯನ ಜೊತೆ ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರು. ಪ್ರಭು ಅವರನ್ನು ಕಂಡದ್ದು ಪ್ರಾರ್ಥನಾಮಂದಿರದಲ್ಲಿ ಅಲ್ಲ, ರಿಪೇರಿ ಕೆಲಸದ ನಡುವೆ. ಬಲೆ ಹರಿದಾಗ ಅದನ್ನು ಹರಿದವರು ಯಾರು ಎಂದು ಜಗಳಾಡುತ್ತಾ ಕೂತರೆ ಮೀನು ಸಿಗುವುದಿಲ್ಲ. ತೂತು ಎಲ್ಲಿದೆ ಎಂದು ಹುಡುಕಿ ಹೊಲಿಯಬೇಕು. ಮೀನುಗಾರರಿಗೆ ಇದು ದಿನನಿತ್ಯದ ತಿಳಿವಳಿಕೆ. ನಮ್ಮ ಮನೆಗಳಿಗೂ ಇದೇ ಬೇಕಾಗಿದೆ.

ಗಂಡ-ಹೆಂಡಿರ ನಡುವೆ, ಅತ್ತೆ-ಸೊಸೆಯರ ನಡುವೆ, ಬೆಳೆದ ಮಕ್ಕಳ ಜೊತೆ ಮಾತು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಸಿಕ್ಕಿಕೊಳ್ಳುವುದು ಉಂಟು. ಆಗ ನಾವು ಜೋರಾಗಿ ಜಗ್ಗುತ್ತೇವೆ. ದನಿ ಏರಿಸುತ್ತೇವೆ, ನೆಂಟರನ್ನು ಕರೆದು ಅವರಿಂದಲೂ ಜಗ್ಗಿಸುತ್ತೇವೆ. ಸಂದಿಯಲ್ಲಿ ಕೂತ ಎಳೆ ಮತ್ತಷ್ಟು ಬಿಗಿಯಾಗುತ್ತದೆ. ಇಂಜಿನ್ ಸರಿಯಾಗಿಯೇ ಇರುತ್ತದೆ, ಪ್ರೀತಿ ಸತ್ತಿರುವುದಿಲ್ಲ. ಸಿಕ್ಕಿರುವುದು ಯಾವುದೋ ಸಣ್ಣ ಎಳೆ. ಕೆಲವೊಮ್ಮೆ ಅದು ನಮ್ಮನ್ನು ತುಂಬ ಪ್ರೀತಿಸಿದವರೇ ಅವಸರದಲ್ಲಿ ಹಾಕಿಹೋದ ಗಂಟೂ ಆಗಿರಬಹುದು. ಬಿಚ್ಚಿ ನೋಡಿದರೆ ಮಾತ್ರ ತಿಳಿಯುತ್ತದೆ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಯಂತ್ರದ ಬಗ್ಗೆ ನಾಲ್ಕು ಮಾತು. ಹಂಗಾಮು ಮುಗಿದ ಮೇಲೆ ಟ್ಯಾಂಕಿನ ಎಣ್ಣೆ ಖಾಲಿ ಮಾಡಿ, ಮಳೆ-ಧೂಳು ತಾಗದ ಕಡೆ ಇಡಿ. ಆಗಾಗ ಪ್ಲಗ್ಗಿನ ಟೋಪಿ ತೆಗೆದು ಹಗ್ಗವನ್ನು ಮೆಲ್ಲಗೆ ಪೂರ್ತಿ ಎಳೆದು ನೋಡಿ. ಎಲ್ಲಾದರೂ ಎಳೆ ಎದ್ದಿದ್ದರೆ ಹರಿಯುವ ಮೊದಲೇ ಬದಲಿಸಿ, ಅದೇ ದಪ್ಪದ ಹೆಣೆದ ಹಗ್ಗವನ್ನೇ ಹಾಕಿ. ಇಂಜಿನ್ ಹೊತ್ತಿದ ಕೂಡಲೇ ಹಿಡಿಯನ್ನು ಕೈಬಿಡಬೇಡಿ, ಕೈಯಲ್ಲೇ ಹಿಡಿದು ಒಳಗೆ ಹೋಗಲು ಬಿಡಿ. ಮಕ್ಕಳಿಗೂ ಇದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿ. ಹಗ್ಗ ಸಿಕ್ಕಿಕೊಂಡ ದಿನ ಅವರು ಕೋಪದಿಂದ ಜಗ್ಗುವ ಬದಲು ಸ್ಪ್ಯಾನರ್ ಹುಡುಕುವಂತಾಗಲಿ.